ಶಿವನಸಮುದ್ರದ ನಡುಗಡ್ಡೆಯಲ್ಲಿ ಬಿಡಾರ ಹೂಡಿದವರು



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಕೆಲವು ಛಾಯಾಚಿತ್ರಗಳನ್ನು ಕಳುಹಿಸಿದ್ದ. ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವೊಂದಿದೆ. 1940ರಿಂದ ಅದು ರಾಷ್ಟ್ರೀಯ ಉದ್ಯಾನ. ಅಲ್ಲಿ ಮೋಟಾರು ವಾಹನಗಳಿಲ್ಲ. ದೋಣಿಯಲ್ಲೋ ಪುಟ್ಟ ಜಲವಿಮಾನದಲ್ಲೋ ಹೋಗಿ, ಬೆನ್ನಿನ ಮೇಲೆ ಗುಡಾರ ಹೊತ್ತು ಹಗಲೆಲ್ಲ ನಡೆದು, ರಾತ್ರಿ ಮರಗಳ ನಡುವೆ ಮಲಗಬೇಕು. ಚಳಿಗಾಲದಲ್ಲಿ ಇಡೀ ದ್ವೀಪಕ್ಕೇ ಬಾಗಿಲು! ಮಡದಿ ಮಕ್ಕಳೊಡನೆ ಅಲ್ಲಿ ನಾಲ್ಕು ದಿನ ಕಳೆದು ಬಂದವನು, “ಸಾರ್, ನಮ್ಮ ಕಡೆ ಇಂಥದ್ದೊಂದು ಇರಬೇಕಿತ್ತು” ಎಂದು ಬರೆದಿದ್ದ. ಅವನಿಗೆ ಪತ್ರದಲ್ಲಿ ಉತ್ತರ ಬರೆಯಲು ಕುಳಿತೆ. ಪತ್ರ ಉದ್ದವಾಗುತ್ತಾ ಹೋಯಿತು. ಎಲ್ಲರೂ ಓದಲಿ ಎಂದು ಅದನ್ನೇ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಕಡೆಯೂ ಇದೆ. ಹದಿನಾರಿನ ಕೆರೆ ಏರಿಯ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿ ಅಂಥದೊಂದು ದ್ವೀಪವಿದೆ. ಸಮುದ್ರದ ದ್ವೀಪವಲ್ಲ, ಸರೋವರದ್ದೂ ಅಲ್ಲ, ನದಿಯ ನಡುಗಡ್ಡೆ. ಹೆಸರಿನಲ್ಲಿ ಮಾತ್ರ ಸಮುದ್ರವಿದೆ. ನಂಜನಗೂಡಿನಲ್ಲಿ ನಂಜುಂಡೇಶ್ವರನ ಪಾದದ ಬಳಿ ಹರಿಯುವ ಕಪಿಲೆ ಸುತ್ತೂರನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳಷ್ಟೆ. ಅಲ್ಲಿಂದ ಮುಂದೆ ಕಾವೇರಿ ತಲಕಾಡಿನ ಮರಳನ್ನು ಬಳಸಿಕೊಂಡು ಹೋಗಿ ಶಿವನಸಮುದ್ರದಲ್ಲಿ ಎರಡು ಕವಲಾಗುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಲ್ಲಿಯೂ ಪೂರ್ವದ ಕವಲು ಭರಚುಕ್ಕಿಯಲ್ಲಿಯೂ ಬಂಡೆಯಿಂದ ಕೆಳಕ್ಕೆ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತವೆ. ಈ ಎರಡು ಕವಲುಗಳ ನಡುವಿನ ನೆಲವೇ ಶಿವನಸಮುದ್ರದ ನಡುಗಡ್ಡೆ. ಮೂರು ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ ಎಂದು ಹಳೆಯ ಗ್ಯಾಸೆಟಿಯರುಗಳು ಅಳತೆ ಕೊಡುತ್ತವೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಸುತ್ತಾಡಿ ಮುಗಿಸಬಹುದಾದಷ್ಟು ನೆಲ.

ಇಷ್ಟು ಹತ್ತಿರವಿರುವುದನ್ನು ‘ದೂರದ ದ್ವೀಪ’ ಎನ್ನಬಹುದೇ ಎಂದು ನೀವು ಕೇಳಬಹುದು. ಇತಿಹಾಸವನ್ನು ಓದಿದರೆ ಅನ್ನಬಹುದು ಎಂದು ನನಗೆ ತೋರುತ್ತದೆ. ದೂರವೆಂಬುದನ್ನು ಮೈಲಿಗಳಲ್ಲಿ ಮಾತ್ರ ಅಳೆಯಲಾಗದು. ದಾಟಲು ಸೇತುವೆ ಇಲ್ಲದಿದ್ದರೆ, ದಾಟಲು ಮನಸ್ಸಿಗೆ ಧೈರ್ಯವಿಲ್ಲದಿದ್ದರೆ ಎದುರಿಗಿರುವ ದಡವೂ ದೂರವೇ. ಶಿವನಸಮುದ್ರ ಹಲವು ಬಾರಿ ಹತ್ತಿರವಾಗಿದೆ, ಹಲವು ಬಾರಿ ದೂರವಾಗಿದೆ.

ಅರಸರು ಹೋದ ಮೇಲೆ

ವಿಜಯನಗರದ ಕಾಲದಲ್ಲಿ ಈ ನಡುಗಡ್ಡೆ ಒಂದು ಪಟ್ಟಣವಾಗಿತ್ತು, ಕೋಟೆಯಾಗಿತ್ತು. ಉಮ್ಮತ್ತೂರಿನ ಪಾಳೆಯಗಾರರು ಇದನ್ನು ಆಳುತ್ತಿದ್ದರು. ಉಮ್ಮತ್ತೂರು ನಮಗೇನೂ ಪರಸ್ಥಳವಲ್ಲ. ನಂಜನಗೂಡು ಸೀಮೆಯ ಮಗ್ಗುಲಿನಲ್ಲೇ ಇದೆ. ಅಲ್ಲಿನ ಗಂಗರಾಜನು ವಿಜಯನಗರಕ್ಕೆ ತಲೆಬಾಗದಿದ್ದುದರಿಂದ ಕೃಷ್ಣದೇವರಾಯನು ಪಟ್ಟವೇರಿದ ಹೊಸತರಲ್ಲಿ, 1510ರಿಂದ 1512ರ ನಡುವೆ, ದಂಡೆತ್ತಿ ಬಂದು ಶಿವನಸಮುದ್ರವನ್ನು ಮುತ್ತಿ ಗೆದ್ದನು. ಸೋತ ಗಂಗರಾಜ ಹೊಳೆಯಲ್ಲಿ ಮುಳುಗಿ ಸತ್ತನೆಂದು ಹೇಳುತ್ತಾರೆ. ಸ್ಥಳೀಯ ಐತಿಹ್ಯಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆ. ಅರಸನೊಬ್ಬ ರಾಣಿಯೊಡನೆ ಕುದುರೆಯನ್ನೇರಿ ಗಗನಚುಕ್ಕಿಗೆ ಹಾರಿದ ಕಥೆ ಅವುಗಳಲ್ಲೊಂದು. ಕಥೆ ನಿಜವೋ ಸುಳ್ಳೋ, ಒಂದು ಸಂಗತಿಯಂತೂ ನಿಜ. ಮುಂದೆ ಪಟ್ಟಣ ಪಾಳುಬಿತ್ತು. ಹಳೆಯ ಸೇತುವೆ ಮುರಿಯಿತು. ಕಾಡು ಬೆಳೆಯಿತು. ದೇವಾಲಯಗಳು ಉಳಿದವು, ಭಕ್ತರು ಉಳಿಯಲಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸಂಚರಿಸಿ ಬೆಳೆ, ಮಣ್ಣು, ಜಾತಿ, ಕಸುಬು ಎಲ್ಲವನ್ನೂ ಬರೆದಿಟ್ಟ. 1807ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಶಿವನಸಮುದ್ರದ ವರ್ಣನೆಯಿದೆ. ಸುತ್ತಲಿನ ಜನ ಆ ನಡುಗಡ್ಡೆಗೆ ಕಾಲಿಡಲು ಹೆದರುತ್ತಿದ್ದರಂತೆ. ಭಯಕ್ಕೆ ಎರಡು ಕಾರಣ: ಒಂದು ಹುಲಿ, ಇನ್ನೊಂದು ಪಿಶಾಚಿ. ಇವೆರಡಕ್ಕೂ ಅಂಜದೆ ಅಲ್ಲಿ ವಾಸವಾಗಿದ್ದವರು ಇಬ್ಬರೇ. ಗಗನಚುಕ್ಕಿಯ ಬಳಿ ಪೀರ್ ಒಬ್ಬರ ಗೋರಿಯ ಎದುರಿಗೆ ನಾಲ್ಕೂ ಕಡೆ ತೆರೆದ ಗುಡಿಸಲು ಕಟ್ಟಿಕೊಂಡಿದ್ದ ಇಬ್ಬರು ಮುಸಲ್ಮಾನ ಫಕೀರರು! ಅಂಗಳವನ್ನು ಒಪ್ಪವಾಗಿ ಇಟ್ಟುಕೊಂಡು, ಸುತ್ತಲಿನ ಕಾಡಿನಿಂದ ಹೂವಿನ ಗಿಡಗಳನ್ನೂ ಸುವಾಸನೆಯ ಮರಗಳನ್ನೂ ತಂದು ನೆಟ್ಟಿದ್ದರಂತೆ.

ಈ ಪುಟವನ್ನು ಓದಿದಾಗಲೆಲ್ಲ ನನಗೆ ಆ ಇಬ್ಬರ ಮೇಲೆ ಗೌರವ ಉಕ್ಕುತ್ತದೆ. ಅರಸರು ಕೋಟೆ ಕಟ್ಟಿಯೂ ನಿಲ್ಲಲಾಗದ ಜಾಗದಲ್ಲಿ ಅವರು ಗೋಡೆಯೇ ಇಲ್ಲದ ಗುಡಿಸಲಿನಲ್ಲಿ ನಿಂತರು. ಅವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಗಗನಚುಕ್ಕಿಯ ನೆತ್ತಿಯ ಮೇಲೆ ಇಂದಿಗೂ ದರ್ಗಾ ಇದೆ. ಎಲ್ಲ ಮತದವರೂ ಅಲ್ಲಿಗೆ ಹೋಗುತ್ತಾರೆ.

ಕಲ್ಲುಕಂಬದ ಸೇತುವೆ

ನಡುಗಡ್ಡೆಯನ್ನು ಮತ್ತೆ ಹತ್ತಿರಕ್ಕೆ ತಂದವರು ರಾಮಸ್ವಾಮಿ ಮುದಲಿಯಾರ್ ಎಂಬ ಮಹನೀಯರು. ಇವರು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಕಚೇರಿಯಲ್ಲಿ ನಂಬಿಕೆಯ ನೌಕರರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇವರು ಕಾಡನ್ನು ಕಡಿಸಿ, ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿ, ಎರಡೂ ಕವಲುಗಳ ಮೇಲೆ ಸೇತುವೆಗಳನ್ನು ಕಟ್ಟಿಸಿದರು. ಒಂದು ಸೇತುವೆಗೆ ಅಂದಿನ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರಿಟ್ಟರು. ಅದು ಪೂರ್ಣಗೊಂಡದ್ದು 1832ರಲ್ಲಿ. ಸತ್ಯಗಾಲದ ಕಡೆಯ ಇನ್ನೊಂದನ್ನು ಜನ ವೆಸ್ಲಿ ಸೇತುವೆ ಎಂದು ಕರೆಯುತ್ತಾರೆ. ಸರ್ಕಾರ ಮುದಲಿಯಾರರಿಗೆ ಜಹಗೀರು ನೀಡಿ, ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟಿತು.

ಈ ಸೇತುವೆಗಳ ರಚನೆಯನ್ನು ನೀವು ಗಮನಿಸಬೇಕು. ಕಮಾನುಗಳಿಲ್ಲ. ನದಿಯ ತಳದ ಬಂಡೆಯಲ್ಲಿ ಉಳಿ ಪೆಟ್ಟಿನ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಕಲ್ಲಿನ ತೊಲೆಗಳನ್ನು ಹೇರಿ, ಅದರ ಮೇಲೆ ದಾರಿ ಮಾಡಿದ್ದಾರೆ. ದೇವಸ್ಥಾನದ ಮಂಟಪವನ್ನೇ ಎಳೆದು ನದಿಗೆ ಅಡ್ಡವಾಗಿ ಮಲಗಿಸಿದಂತೆ ಕಾಣುತ್ತದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯೂ ಇದೇ ಬಗೆಯದು. ಪ್ರವಾಹದ ನೀರು ಕಂಬಗಳ ನಡುವೆ ನುಸುಳಿಹೋಗಲು ಅನುಕೂಲ. ನೀರು ಇನ್ನೂ ಏರಿದರೆ ಸೇತುವೆಯ ಮೇಲೆಯೇ ಹರಿದುಹೋಗುತ್ತದೆ.

ಇಂಥ ಸೇತುವೆಯನ್ನು ಕಟ್ಟುವುದಕ್ಕೆ ಒಂದು ಕಾಲವಿದೆ. ಮಳೆಗಾಲದಲ್ಲಿ ಸಾಧ್ಯವಿಲ್ಲ. ಹೊಳೆ ಇಳಿದ ಮೇಲೆ, ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಬಂಡೆ ಕೊರೆದು, ಕಂಬ ನಿಲ್ಲಿಸಿ, ಮುಂಗಾರು ಬರುವ ಮುಂಚೆ ದಡ ಸೇರಬೇಕು. ಹೀಗೆ ವರ್ಷವರ್ಷವೂ ಕಲ್ಲುಕುಟಿಗರು, ಒಡ್ಡರು, ಗಾಡಿಯವರು ಹೊಳೆಯ ದಡದಲ್ಲಿ ಬಿಡಾರ ಹೂಡಿರಲೇಬೇಕು. ಮುದಲಿಯಾರರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಗವರ್ನರನ ಹೆಸರೂ ಉಳಿಯಿತು. ಉಳಿ ಹಿಡಿದವರದು ಉಳಿಯಲಿಲ್ಲ.

2018ರ ಮಳೆಗಾಲದ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳಿಗೆ ಹೊಸ ಸೇತುವೆಯಿರುವುದರಿಂದ ಸಂಚಾರಕ್ಕೆ ತೊಂದರೆಯಾಗಲಿಲ್ಲ. ಇಷ್ಟು ಕಾಲ ಕಾವೇರಿಯ ಎದುರು ನಿಂತಿದ್ದ ಕಂಬಗಳು ಬಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಎದುರು ದಡದ ಬಿಡಾರ

ಇನ್ನು ನೀವೆಲ್ಲರೂ ಪಠ್ಯಪುಸ್ತಕದಲ್ಲಿ ಓದಿದ ಭಾಗಕ್ಕೆ ಬರುತ್ತೇನೆ. “ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು?” ಎಂಬ ಒಂದು ಅಂಕದ ಪ್ರಶ್ನೆಗೆ ‘ಶಿವನಸಮುದ್ರ’ ಎಂದು ಗೈಡುಗಳು ಅಚ್ಚುಹಾಕುತ್ತವೆ. ಇದು ಸರಿಯಲ್ಲ. ಜಪಾನಿನ ಕ್ಯೋಟೋ ನಗರದ ಕೆಯಾಗೆಯಲ್ಲಿ 1891ರಲ್ಲೇ ನೀರಿನಿಂದ ವಿದ್ಯುತ್ತು ಹುಟ್ಟಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ 130 ಕಿಲೋವಾಟ್‌ಗಳ ಚಿಕ್ಕ ಕೇಂದ್ರವೊಂದು ಕೆಲಸ ಆರಂಭಿಸಿತ್ತು. ಶಿವನಸಮುದ್ರದ ಹಿರಿಮೆ ಬೇರೆಯದು, ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಇಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. 1896ರಲ್ಲಿ ನಯಾಗರದಿಂದ ಬಫೆಲೋ ನಗರಕ್ಕೆ ವಿದ್ಯುತ್ತು ಹೋದಾಗ ಜಗತ್ತೇ ಬೆರಗಾಗಿತ್ತು; ಆ ದೂರ ಸುಮಾರು ನಲವತ್ತು ಕಿಲೋಮೀಟರ್. ಆರೇ ವರ್ಷಗಳಲ್ಲಿ ಮೈಸೂರು ಸಂಸ್ಥಾನ ಅದರ ಮೂರುವರೆ ಪಟ್ಟು ದೂರಕ್ಕೆ ತಂತಿ ಎಳೆದಿತ್ತು. ಅಂದಿನ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಇದೂ ಒಂದು.

ಈ ಯೋಜನೆಯ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಧೈರ್ಯವಿತ್ತು, ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಅವರ ಲೆಕ್ಕಾಚಾರವಿತ್ತು. ಡಿ ಲೋಟ್ಬಿನಿಯರ್ 1899ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದರು. ವಿದ್ಯುದ್ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ನೀರಿನ ಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಎಂದು ಗೊತ್ತಾಯಿತು. ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯೊಡನೆ ಒಪ್ಪಂದವಾಯಿತು. ಆಗ ನಡುಗಡ್ಡೆ ಮೈಸೂರಿಗೆ ಸೇರಿರಲಿಲ್ಲ ಎಂಬುದು ನಿಮಗೆ ಆಶ್ಚರ್ಯವೆನಿಸಬಹುದು! ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆದ್ದರಿಂದ ವಿದ್ಯುದಾಗಾರವನ್ನು ಮೈಸೂರಿನ ನೆಲವಾದ ಎಡದಂಡೆಯಲ್ಲಿ, ಗಗನಚುಕ್ಕಿಯ ಕೆಳಗೆ ಕಟ್ಟಿದರು. ಮೇಲಿನ ಬಂಡೆಯ ನೆತ್ತಿಯ ಮೇಲೆ ಬಿಡಾರ ಎದ್ದಿತು. ಅದೇ ಮುಂದೆ ‘ಬ್ಲಫ್’ ಎಂಬ ಊರಾಯಿತು.

ಆ ಬಿಡಾರವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಹತ್ತಿರದ ರೈಲು ನಿಲ್ದಾಣ ಮದ್ದೂರು, ಸುಮಾರು ಮೂವತ್ತು ಮೈಲಿ. ಸಾಗರ ದಾಟಿ ಬಂದ ಭಾರಿ ಯಂತ್ರಭಾಗಗಳನ್ನು ಅಲ್ಲಿ ಇಳಿಸಿ, ಎತ್ತಿನ ಗಾಡಿಗಳ ಮೇಲೆ ಹೇರಿ, ಆನೆಗಳಿಂದ ತಳ್ಳಿಸಿ ಎಳೆಯಿಸಿ ತರಬೇಕು. ಬಂಡೆ ಸಿಡಿಸಿ ಕಾಲುವೆ ತೋಡಬೇಕು. ಕಡಿದಾದ ಇಳಿಜಾರಿನಲ್ಲಿ ದಪ್ಪ ಕೊಳವೆಗಳನ್ನು ಕೂರಿಸಬೇಕು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಆ ಮಾರಿ ಇನ್ನೂ ಹೋಗಿರಲಿಲ್ಲ. ಹೊಳೆ ದಂಡೆಯೆಂದ ಮೇಲೆ ಚಳಿಜ್ವರವನ್ನು ಬೇರೆ ಹೇಳಬೇಕಾಗಿಲ್ಲ. ಇಂಥದರ ನಡುವೆ, 1900ರಲ್ಲಿ ಶುರುವಾದ ಕೆಲಸ ಎರಡೇ ವರ್ಷಗಳಲ್ಲಿ ಮುಗಿಯಿತು! 1902ರ ಜೂನ್ 30ರಂದು ಕೋಲಾರಕ್ಕೆ ವಿದ್ಯುತ್ತು ಹರಿಯಿತು.

ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರ ಮಾರ್ಚಿಯಲ್ಲಿ ಅನಾರೋಗ್ಯದಿಂದ ನಿವೃತ್ತರಾಗಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ದೀಪ ಹತ್ತಿದಾಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಮೇಲೆ ಹೇಳಿದ ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರುದಾರರು. ರಾಜ್ಯಭಾರ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರದಾಗಿತ್ತು. ನಾಲ್ವಡಿಯವರಿಗೆ ಅಧಿಕಾರ ಬಂದದ್ದು ಐದಾರು ವಾರಗಳ ನಂತರ, ಆಗಸ್ಟ್ 8ರಂದು.

ಇಷ್ಟೆಲ್ಲ ಹೆಸರುಗಳು ನಮಗೆ ಗೊತ್ತು. ಬಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದವರ ಹೆಸರುಗಳು?

ನಮ್ಮ ಬಿಡಾರ

1997ರ ಜನವರಿಯಲ್ಲಿ ನಮ್ಮ ಶಾಲೆಯ ಸ್ಕೌಟ್ ದಳದ ಇಪ್ಪತ್ತಾರು ಹುಡುಗರನ್ನು ಕರೆದುಕೊಂಡು ನಾನೂ ಇನ್ನೊಬ್ಬ ಉಪಾಧ್ಯಾಯರೂ ಶಿವನಸಮುದ್ರದಲ್ಲಿ ಎರಡು ರಾತ್ರಿ ತಂಗಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗಿನ್ನೂ ಚಾಮರಾಜನಗರ ಜಿಲ್ಲೆ ಹುಟ್ಟಿರಲಿಲ್ಲ. ಅದು ಅದೇ ವರ್ಷದ ಆಗಸ್ಟಿನಲ್ಲಿ. ಆಗ ಕೊಳ್ಳೇಗಾಲದ ಹೆಸರೆತ್ತಿದರೆ ತಂದೆತಾಯಿಯರು ಮೊದಲು ಕೇಳುತ್ತಿದ್ದುದು ವೀರಪ್ಪನ್ ವಿಷಯ. “ಸಾರ್, ಬೇರೆ ಎಲ್ಲೂ ಜಾಗ ಸಿಗಲಿಲ್ಲವೇ?” ಎಂದು ಒಬ್ಬರು ಶಾಲೆಯ ತನಕ ಬಂದು ಕೇಳಿದ್ದರು. ಅವನ ಅಡ್ಡಾಟವಿದ್ದದ್ದು ಮಲೆ ಮಹದೇಶ್ವರ ಬೆಟ್ಟದ ಆಚೀಚಿನ ಕಾಡುಗಳಲ್ಲಿ. ಆದರೆ ಭಯಕ್ಕೆ ಭೂಪಟದ ಗಡಿ ತಿಳಿಯುತ್ತದೆಯೇ? ಬುಕನನ್ನನ ಕಾಲದಲ್ಲಿ ಹುಲಿ ಮತ್ತು ಪಿಶಾಚಿ, ನಮ್ಮ ಕಾಲದಲ್ಲಿ ವೀರಪ್ಪನ್. ಎರಡು ಶತಮಾನಗಳ ನಂತರವೂ ನಡುಗಡ್ಡೆ ಜನರ ಮನಸ್ಸಿನಲ್ಲಿ ಅಷ್ಟೇ ದೂರದಲ್ಲಿತ್ತು.

ತಿ. ನರಸೀಪುರ, ಮೂಗೂರು, ಕೊಳ್ಳೇಗಾಲದ ಮೇಲೆ ಸತ್ಯಗಾಲಕ್ಕೆ ಹೋಗಿ ಬಸ್ಸಿಳಿದು, ಅಲ್ಲಿಂದ ಸಾಮಾನು ಹೊತ್ತು ಹಳೆಯ ಸೇತುವೆಯನ್ನು ನಡೆದೇ ದಾಟಿದೆವು. ಕಂಬಗಳನ್ನು ಎಣಿಸಲು ಹುಡುಗರಿಗೆ ಹೇಳಿದ್ದೆ. ದಾಟಿ ಮುಗಿದಾಗ ಇಪ್ಪತ್ತಾರು ಜನರಿಂದ ಹತ್ತೊಂಬತ್ತು ಉತ್ತರಗಳು ಬಂದವು! ಊರ ಹಿರಿಯರ ಅನುಮತಿ ಪಡೆದು ದೇವಸ್ಥಾನದ ಬಳಿಯ ಹಳೆಯ ಮಂಟಪವೊಂದರಲ್ಲಿ ತಂಗಿದೆವು. ಮೂರು ಕಲ್ಲಿನ ಒಲೆ, ಅನ್ನ, ಹುರುಳಿಕಾಳಿನ ಸಾರು. ಜನವರಿಯ ಚಳಿ.

ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದೆವು. ಮೊದಲು ಜಗನ್ಮೋಹನ ರಂಗನಾಥನ ಗುಡಿ. ಶ್ರೀರಂಗಪಟ್ಟಣದವನು ಆದಿರಂಗ, ಇವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ಒಂದೇ ನದಿಯ ಮೂರು ನಡುಗಡ್ಡೆಗಳಲ್ಲಿ ಒಬ್ಬನೇ ದೇವರು ಮಲಗಿದ್ದಾನೆ. ಆಮೇಲೆ ಸೋಮೇಶ್ವರನ ಗುಡಿ. ಅಲ್ಲಿಂದ ಭರಚುಕ್ಕಿಯ ಮೆಟ್ಟಿಲುಗಳು. ಜನವರಿಯಾದ್ದರಿಂದ ನೀರು ಎಳೆಎಳೆಯಾಗಿ ಇಳಿಯುತ್ತಿತ್ತು. ಮಧ್ಯಾಹ್ನ ಬುತ್ತಿಯನ್ನು ಬಿಚ್ಚಿ ಉಂಡು, ಕುರುಚಲು ಕಾಡಿನ ದಾರಿ ಹಿಡಿದು ದರ್ಗಾದ ಕಡೆಗೆ ಹೋದೆವು. ಅಲ್ಲಿ ನಿಂತು ಗಗನಚುಕ್ಕಿಯ ಆಚೆ ದಡದ ಕೊಳವೆಗಳನ್ನೂ ಕೆಳಗಿನ ವಿದ್ಯುದಾಗಾರವನ್ನೂ ಹುಡುಗರಿಗೆ ತೋರಿಸಿದೆ. ನೀರೆಲ್ಲ ಎಲ್ಲಿ ಹೋಯಿತೆಂದು ಕೇಳಿದವನಿಗೆ ಉತ್ತರ ಎದುರಿಗೇ ಇತ್ತು. ಜಲಪಾತದಲ್ಲಿ ಬೀಳಬೇಕಾದ ನೀರು ಕೊಳವೆಯಲ್ಲಿ ಇಳಿಯುತ್ತಿತ್ತು.

ಎರಡನೆಯ ರಾತ್ರಿ ಊರಿನಲ್ಲಿ ವಿದ್ಯುತ್ತು ಹೋಯಿತು. ಆ ವರ್ಷಗಳ ಲೋಡ್ ಶೆಡ್ಡಿಂಗ್ ನಿಮಗೆಲ್ಲ ಗೊತ್ತಿರುವುದೇ. ಕತ್ತಲಲ್ಲಿ ನೀರಿನ ಸದ್ದು ದೊಡ್ಡದಾಗಿ ಕೇಳಿಸತೊಡಗಿತು. ವಾಯವ್ಯದ ಆಕಾಶದಲ್ಲಿ ಆಚೆ ದಡದ ಬೆಳಕಿನ ಮಬ್ಬು ಕಾಣುತ್ತಿತ್ತು. ಊರಿನ ವೃದ್ಧರೊಬ್ಬರು ಹುಡುಗರ ನಡುವೆ ಬಂದು ಕುಳಿತು, ಆ ಕೊಳವೆಗಳನ್ನು ಕೂರಿಸುವಾಗ ತಮ್ಮ ಅಜ್ಜ ಕಲ್ಲು ಹೊತ್ತಿದ್ದನೆಂದು ಹೇಳಿದರು. ಹೊಳೆ ದಾಟಿ ಕೂಲಿಗೆ ಹೋಗುತ್ತಿದ್ದನಂತೆ. ಎರಡನೆಯ ವರ್ಷ ಚಳಿಜ್ವರ ಹತ್ತಿ, ಕೆಲಸ ಮುಗಿಯುವ ಮುಂಚೆಯೇ ತೀರಿಕೊಂಡನಂತೆ. “ದೀಪ ಹತ್ತಿದ್ದ ಅವನೂ ಕಾಣನಿಲ್ಲ, ಇವನ ಮಗ ನಮ್ಮಪ್ಪನೂ ಸಾಯತನಕ ಬುಡ್ಡಿ ದೀಪದಲ್ಲೇ ಉಂಡ” ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದರು. ಒಬ್ಬ ಹುಡುಗ ಅಜ್ಜನ ಹೆಸರೇನೆಂದು ಕೇಳಿದ. ಅವರು ಹೇಳಿದರು. ಹುಡುಗರು ಟಾರ್ಚಿನ ಬೆಳಕಿನಲ್ಲಿ ತಮ್ಮ ತಮ್ಮ ನೋಟ್ ಪುಸ್ತಕಗಳಲ್ಲಿ ಬರೆದುಕೊಂಡರು.

ದೀಪದ ಬುಡ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ಶಿವನಸಮುದ್ರದ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಇಲ್ಲಿಯ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೆ ಹೋಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1908ರಲ್ಲಿ ಮೈಸೂರಿಗೆ ಬಂತು. ಹಳ್ಳಿಗಳ ಸರದಿ ಬಂದದ್ದು ದಶಕಗಳ ಮೇಲೆ. ಕಾವೇರಿಗೆ ಕಪಿಲೆಯ ನೀರನ್ನೂ ಸೇರಿಸಿ ಕಳುಹಿಸಿಕೊಟ್ಟ ನಮ್ಮ ಸೀಮೆಯಲ್ಲಿ, ನಮ್ಮ ಮನೆಗೆ ವಿದ್ಯುದ್ದೀಪ ಬಂದದ್ದು 1973ರಲ್ಲಿ, ನಾನು ಹೈಸ್ಕೂಲು ಸೇರಿದ ಮೇಲೆ. ಎಂದರೆ ಎಪ್ಪತ್ತೊಂದು ವರ್ಷಗಳ ನಂತರ! ಅಲ್ಲಿಯವರೆಗೆ ನಮ್ಮ ತಾಯಿ ಸಂಜೆ ಲಾಂದ್ರದ ಗಾಜನ್ನು ಬೂದಿಯಿಂದ ಉಜ್ಜಿ ಇಡುತ್ತಿದ್ದರು. ನಾವು ಐದು ಜನ ಮಕ್ಕಳು ಅದರ ಸುತ್ತ ಕುಳಿತು ಓದುತ್ತಿದ್ದೆವು. ಯದುವಂಶದ ಕಥೆ 1399ರಲ್ಲಿ ಆರಂಭವಾಯಿತೆಂದು ಹೇಳುವುದು ನಮ್ಮೂರಿನ ಕೆರೆ ಕೋಡಿಯ ಭೈರವನ ಗುಡಿಯಿಂದಲೇ. ಆ ವಂಶದ ರಾಜ್ಯದಲ್ಲಿ ಹತ್ತಿದ ದೀಪ ನಮ್ಮೂರಿನ ಮನೆಗೆ ಇಷ್ಟು ತಡವಾಗಿ ಬಂತಲ್ಲ ಎಂದು ಒಮ್ಮೊಮ್ಮೆ ನಗು ಬರುತ್ತದೆ.

ಇದನ್ನು ಯಾರ ಮೇಲಿನ ದೂರಾಗಿಯೂ ಓದಬೇಡಿ. ಹಣ ಕೊಟ್ಟು ಕೊಳ್ಳುವ ಗಿರಾಕಿ ಅಂದು ಇದ್ದದ್ದು ಗಣಿ ಕಂಪನಿಯೊಂದೇ. ಆ ಗಿರಾಕಿಯಿಲ್ಲದಿದ್ದರೆ ಯಂತ್ರಗಳಿಗೆ ಬಂಡವಾಳ ಹೂಡುವ ಧೈರ್ಯ ಯಾವ ಸರ್ಕಾರಕ್ಕೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದೆ ಹೋದದ್ದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ಆ ಕಟ್ಟೆಯಿಂದ ಮಂಡ್ಯದ ಗದ್ದೆಗಳು ಹಸಿರಾದವು. ಹೀಗೆ ಒಂದರಿಂದ ಒಂದು ಒಳ್ಳೆಯದೂ ಆಯಿತು. ಆದರೆ ಇತಿಹಾಸವನ್ನು ಬೋಧಿಸಿದವನಾಗಿ ನಾನು ಹೇಳಬೇಕಾದದ್ದು ಇಷ್ಟು: ‘ಯಾರು ಕಟ್ಟಿಸಿದರು?’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಯಾರು ಕಟ್ಟಿದರು?’, ‘ಯಾರಿಗೆ ಮೊದಲು ಸಿಕ್ಕಿತು?’, ‘ಯಾರಿಗೆ ಕೊನೆಗೆ ಸಿಕ್ಕಿತು?’ ಎಂಬ ಮೂರು ಪ್ರಶ್ನೆಗಳನ್ನು ಇಡದಿದ್ದರೆ ಉತ್ತರ ಅರ್ಧವಾಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿದೆ. ಉಳಿದವುಗಳಿಗೆ ನಡೆದು ಹೋಗಿ ಕೇಳಬೇಕು.

ನಡೆದು ನೋಡುವವರಿಗೆ

ರಜೆಯಲ್ಲಿ ಊರಿಗೆ ಬರುವವರು ಮಕ್ಕಳನ್ನು ಶಿವನಸಮುದ್ರಕ್ಕೆ ಕರೆದೊಯ್ಯಿರಿ. ನೀರಿನ ವೈಭವ ನೋಡಬೇಕೆಂದರೆ ಜುಲೈಯಿಂದ ಅಕ್ಟೋಬರ್. ನಡೆಯಬೇಕೆಂದರೆ ಡಿಸೆಂಬರ್, ಜನವರಿ. ಕಾರಿನಲ್ಲಿ ಹೋಗಿ ಎದುರು ದಡದ ವೀಕ್ಷಣಾ ಕಟ್ಟೆಯಿಂದ ಚಿತ್ರ ತೆಗೆದುಕೊಂಡು ಹಿಂದಿರುಗಬೇಡಿ. ನಡುಗಡ್ಡೆಗೆ ಹೋಗಿ ಕಾರನ್ನು ದೇವಸ್ಥಾನದ ಬಳಿ ನಿಲ್ಲಿಸಿ, ನೀರು ಮತ್ತು ಬುತ್ತಿ ಹೊತ್ತು ಒಂದು ಹಗಲು ನಡೆಯಿರಿ. ವೆಸ್ಲಿ ಸೇತುವೆಯಲ್ಲಿ ಉಳಿದಿರುವ ಕಂಬಗಳನ್ನು ದಡದಿಂದ ನೋಡಿ. ಸುತ್ತಲಿನ ಕಾಡು ಈಗ ಸಂರಕ್ಷಿತ. ರಾತ್ರಿ ತಂಗುವ ಮನಸ್ಸಿದ್ದರೆ ಮೊದಲು ಅನುಮತಿ ಕೇಳಬೇಕು. ಒಂದು 1902ರ ವಿದ್ಯುದಾಗಾರಕ್ಕೂ ಅನುಮತಿ ಬೇಕು. ಅಂದು ತಲಾ 720 ಕಿಲೋವಾಟ್‌ಗಳ ಆರು ಯಂತ್ರಗಳಿಂದ ಆರಂಭವಾದ ಆ ಜಾಗದಲ್ಲಿ ಈಗಲೂ ವಿದ್ಯುತ್ತು ಹುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿಗೆ ಇಳಿಯಬೇಡಿ. ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಸುಳಿಗಳು ಮೇಲಕ್ಕೆ ಕಾಣುವುದಿಲ್ಲ. ಅಲ್ಲಿ ಪ್ರಾಣ ಕಳೆದುಕೊಂಡ ತರುಣರು ಒಬ್ಬಿಬ್ಬರಲ್ಲ.

ಕೊನೆಯದಾಗಿ ಒಂದು ಕೋರಿಕೆ. 1997ರ ಆ ಬಿಡಾರದಲ್ಲಿದ್ದ ಇಪ್ಪತ್ತಾರು ಜನ ಈಗ ನಲವತ್ತು ದಾಟಿದ್ದೀರಿ. ಕೆಲವರು ಬೆಂಗಳೂರಿನಲ್ಲಿದ್ದೀರಿ, ಕೆಲವರು ಹೊರದೇಶಗಳಲ್ಲಿ, ಬಹುಪಾಲು ಜನ ಊರಿನಲ್ಲೇ ವ್ಯವಸಾಯ ಮಾಡಿಕೊಂಡಿದ್ದೀರಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪುಸ್ತಕಗಳ ಗಂಟು ಇದ್ದರೆ ಒಮ್ಮೆ ಬಿಚ್ಚಿ ನೋಡಿ. ಕಲ್ಲು ಹೊತ್ತ ಆ ಅಜ್ಜನ ಹೆಸರು ಲಿಪಿಯಲ್ಲಿ ಇರುವುದು, ನನಗೆ ತಿಳಿದಂತೆ, ನಿಮ್ಮ ಆ ನೋಟ್ ಪುಸ್ತಕಗಳಲ್ಲಿ ಮಾತ್ರ. ಸಿಕ್ಕಿದರೆ ನನಗೆ ತಿಳಿಸಿ. ಅವರ ಮನೆಯವರನ್ನು ಕಂಡು ಕೇಳಿ, ಅವರು ಒಪ್ಪಿದರೆ, ಶೇಷಾದ್ರಿ ಅಯ್ಯರ್ ಮತ್ತು ಡಿ ಲೋಟ್ಬಿನಿಯರ್ ಅವರ ಹೆಸರುಗಳ ಕೆಳಗೆ ಅದನ್ನೂ ಬರೆದಿಡೋಣ.